ರಿಲೇ ಡಾಕ್ಟರು ಗೆದ್ದ ದಿನ

ಅಂಗೈಯಗಲದ ಒಂದು ರಿಲೇ ದೆಸೆಯಿಂದ ಊರಿಗೆ ಊರೇ ರಿಲೇ ಡಾಕ್ಟರ ಮೇಲೆ ಹರಿಹಾಯತೊಡಗಿತ್ತು. ಲೈನಿನಲ್ಲಿ ಏನಾದರೂ ಎಡವಟ್ಟಾದರೆ ತಕ್ಷಣ ಕರೆಂಟು ಕಡಿದು, ಯಾವ ತೊಂದರೆಯೆಂದು ಒಂದು ಪುಟ್ಟ ಕೆಂಪು ಬಾವುಟ ಬೀಳಿಸಿ ಹೇಳುವ ಕಾವಲುಗಾರನೇ ರಿಲೇ. ವಿದ್ಯುತ್ ಕೇಂದ್ರದಲ್ಲಿ ರಿಲೇಗಳನ್ನು ಪರೀಕ್ಷಿಸುವ ಇವರು ಅವುಗಳ ಗಾಜಿನ ಮುಚ್ಚಳಕ್ಕೆ ಕಿವಿಯಿಟ್ಟು ನಾಡಿ ಹಿಡಿಯುತ್ತಿದ್ದರಿಂದ ಡಾಕ್ಟರೆಂಬ ಹೆಸರು ಬಂದಿತ್ತು. ಈಗ ಅವರ ಅಚ್ಚುಮೆಚ್ಚಿನ ರಿಲೇಯೇ ದಿನಾ ಮಧ್ಯಾಹ್ನ ಕಾರಣವಿಲ್ಲದೆ ಕರೆಂಟು ಕಡಿಯುತ್ತಿತ್ತು.

ಅಂದು ಬೆಳಿಗ್ಗೆ ಸಾಹೇಬರನ್ನು ತಣ್ಣಗಾಗಿಸಲು ಡಾಕ್ಟರು ತಮ್ಮ ಹಿತ್ತಲಿನ ಸೀಬೆಹಣ್ಣು ಒಂದು ಚೀಲ ಕೊಂಡುಹೋದರು. ಸಾಹೇಬರು ಕಚ್ಚಿದರು, ಮೆಚ್ಚಿದರು, ಕೋಪ ಮಾತ್ರ ಬಿಡಲಿಲ್ಲ.

"ಇವತ್ತೂ ಕರೆಂಟು ಹೋದ್ರೆ ರಿಲೇ ಗುಜರಿಗೆ, ನೀವು ಸ್ಟೋರಿಗೆ. ಅಲ್ಲಿ ನಟ್ಟು ಬೋಲ್ಟು ಜೋಡಿಸ್ಕೊಂಡಿರಿ."

ರಿಲೇ ಬಿಟ್ಟು ಬದುಕುವುದು ಡಾಕ್ಟರಿಗೆ ಗೊತ್ತೇ ಇರಲಿಲ್ಲ. ರೋಗಿಯನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸಿ ಕರೆಂಟು ಕೊಟ್ಟು ನೋಡಿದರೆ ಗುಂಡುಕಲ್ಲಿನಂತಿತ್ತು. ಅಷ್ಟರಲ್ಲಿ ಸಲಹೆಗಾರರು ನೆರೆದರು. ಗುಮಾಸ್ತೆ ಎಣ್ಣೆ ಬಿಡಿ ಎಂದಳು. ವಾಚ್‌ಮನ್ ತನ್ನ ರೇಡಿಯೋಗೆ ಮಾಡುವಂತೆ ತಲೆಗೆರಡು ಬಿಡಲು ಕೈ ಎತ್ತಿಯೇಬಿಟ್ಟ. ಡಾಕ್ಟರು ಅಡ್ಡ ಬಂದು ಆ ಎರಡನ್ನೂ ತಾವೇ ತಿಂದರು.

ಆಪರೇಟರ್ ಮಾತ್ರ ಒಂದು ಸಂಗತಿ ಗಮನಿಸಿದ್ದ. "ಕಿಟಕಿ ಧಡ್ ಅಂತ ಬಡಿದಾಗ್ಲೆಲ್ಲ ಕರೆಂಟು ಹೋಗುತ್ತೆ. ಅದುರೋದಕ್ಕೇ ರಿಲೇ ಕಡಿಯುತ್ತೆ ಕಣ್ರಿ."

ರಿಲೇಯನ್ನು ಮತ್ತೆ ಪ್ಯಾನೆಲಿಗೆ ಸೇರಿಸಿ ಕಿಟಕಿಯನ್ನು ಹಗ್ಗದಿಂದ ಬಿಗಿದರು. ಸಾಲದೆಂದು ಗುಮಾಸ್ತೆ ಅದಕ್ಕೊರಗಿ ನಿಂತಳು. ಮಧ್ಯಾಹ್ನ ಗಾಳಿ ಎದ್ದಿತು. ಕಿಟಕಿ ಮಿಸುಕಲಿಲ್ಲ. ಆದರೂ ಕರೆಂಟು ಹೋಯಿತು.

ರಿಲೇ ಕೀಳಲು ಸಾಹೇಬರು ಹೇಳುವಷ್ಟರಲ್ಲಿ ಡಾಕ್ಟರಿಗೆ ಥಟ್ಟನೆ ಹೊಳೆಯಿತು.

"ಕಿಟಕಿ ಅಲ್ಲ ಸಾರ್, ಗಾಳಿ. ಬಾವುಟ ನೋಡಿ, ಲೈನಿಂದ ಕರೆಂಟು ನೆಲಕ್ಕೆ ಹರಿದಿದೆ ಅಂತಿದೆ. ಗಾಳಿ ಬಂದಾಗ ಎಲ್ಲೋ ಏನೋ ತಂತಿಗೆ ತಾಗ್ತಿದೆ. ನನ್ನ ರಿಲೇ ಸುಳ್ಳು ಹೇಳಲ್ಲ."

ಲೈನಿನ ಕೆಳಗೆ ಮೆರವಣಿಗೆಯೇ ಹೊರಟಿತು. ಕತ್ತೆತ್ತಿ ತಂತಿಯನ್ನೇ ನೋಡುತ್ತ ಮುಂದೆ ಡಾಕ್ಟರು, ಸೀಬೆಹಣ್ಣು ಮೆಲ್ಲುತ್ತ ಹಿಂದೆ ಸಾಹೇಬರು, ಅವರ ಹಿಂದೆ ಲೈನ್‌ಮನ್, ಗುಮಾಸ್ತೆ, ದಾರಿಯಲ್ಲಿ ಸೇರಿಕೊಂಡ ಅರ್ಧ ಊರು. ಕ್ವಾರ್ಟರ್ಸ್ ಹಿಂದಿನ ಓಣಿಯಲ್ಲಿ ಕೊನೆಗೂ ಸಿಕ್ಕಿತು. ಗೋಡೆಯಾಚೆಯ ಕೊಂಬೆಯೊಂದು ತೂಗಾಡುತ್ತ ತಂತಿ ಮುಟ್ಟುತ್ತಿತ್ತು. ತುದಿಯ ಎಲೆಗಳು ಕರಕಲಾಗಿದ್ದವು.

ಡಾಕ್ಟರು ಕುಣಿದೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಬೆನ್ನು ತಟ್ಟಿದರು. ಆ ಸಂತೋಷದಲ್ಲಿ ಡಾಕ್ಟರು ತೀರ್ಪನ್ನೂ ಕೊಟ್ಟರು.

"ಇದನ್ನ ಕಡಿಯದೆ ಬಿಟ್ಟೋನು ಯಾರು ಸಾರ್? ಅವನನ್ನ ಹಾಕಿ ಸ್ಟೋರಿಗೆ."

ಲೈನ್‌ಮನ್ ತಲೆ ಕೆರೆದುಕೊಂಡ. "ಹೋದ ತಿಂಗಳು ಕಡಿಯೋಕೇ ಬಂದಿದ್ದೆ. 'ನಾನೂ ಇಲಾಖೆಯವನೇ, ಹಣ್ಣಿರೋ ಮರ ಮುಟ್ಟಬೇಡ' ಅಂತ ನೀವೇ ಓಡಿಸಿದ್ರಲ್ಲ ಡಾಕ್ಟ್ರೇ."

ಡಾಕ್ಟರು ಆಗಷ್ಟೇ ತಂತಿಯಿಂದ ಕಣ್ಣು ಕೆಳಗಿಳಿಸಿದರು. ಗೋಡೆಯ ಮೇಲೆ ಅವರ ಹೆಂಡತಿಯ ಮುಖ ಮೂಡಿತು.

"ಸಾಹೇಬ್ರೂ ಬಂದಿದಾರಾ? ಹಣ್ಣು ಸಿಹಿಯಾಗಿತ್ತಾ ಸಾರ್?"

ಸಾಹೇಬರ ಬಾಯಲ್ಲಿದ್ದ ಹೋಳು ಅಲ್ಲೇ ನಿಂತಿತು.

ರಿಲೇ ತನ್ನ ಜಾಗದಲ್ಲೇ ಉಳಿಯಿತು. ಡಾಕ್ಟರು ಸ್ಟೋರಿಗೆ ಹೋದರು. ಈಗಲೂ ಬೋಲ್ಟು ಕೇಳಿಕೊಂಡು ಯಾರೇ ಬರಲಿ, ಕೊಡುವ ಮೊದಲು ಎದೆ ಸೆಟೆಸಿ ಒಂದು ಮಾತು ಹೇಳುತ್ತಾರೆ.

"ರಿಲೇ ಸರಿಯಾಗೇ ಇತ್ತು ಕಣ್ರಿ."