ಜಿರಳೆಯ ಮೀಸೆ ಹಿಡಿದು ನಡೆಸಿದ ಕಣಜಮ್ಮನವರಿಗೆ

ಭದ್ರಾವತಿ,
6-8-1998

ಪಚ್ಚೆಯಂತೆ ಹೊಳೆಯುವ ಮೈಯ, ನೂಲೆಳೆಯಂಥ ನಡುವಿನ ಮಾನ್ಯರೇ,

ನಾಲ್ಕು ತಿಂಗಳ ಹೆಣ್ಣುಮಗುವಿನ ತಾಯಿಯಾದ, ಆ ನಾಲ್ಕು ತಿಂಗಳಿಂದ ಒಟ್ಟಿಗೆ ಎರಡು ಗಂಟೆ ನಿದ್ದೆ ಕಾಣದ ಶಾಮಲಾ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಮ್ಮ ಈಗಿನ ವಿಳಾಸ ತಿಳಿಯದ್ದರಿಂದ ಪತ್ರಿಕೆಯ ಮೂಲಕ ಬರೆಯಬೇಕಾಗಿ ಬಂದಿದೆ, ಕ್ಷಮಿಸಿ.

ಕಳೆದ ಗುರುವಾರ ಹಾಡಹಗಲೇ ತಾವು ನಮ್ಮ ತೊಟ್ಟಿಲಿನ ಕೆಳಗೆ ಒಂದು ಜಿರಳೆಯ ಎದೆಗೊಮ್ಮೆ, ತಲೆಗೊಮ್ಮೆ ಚುಚ್ಚಿ, ಅದರ ಮೀಸೆ ಕತ್ತರಿಸಿ, ಉಳಿದ ಮೋಟು ಹಿಡಿದು, ಹಸುವನ್ನು ಹಗ್ಗ ಹಿಡಿದು ಕರೆದೊಯ್ದಂತೆ ಗೋಡೆಯ ತೂತಿಗೆ ನಡೆಸಿಕೊಂಡು ಹೋದಿರಿ. ಆರು ಕಾಲೂ ನೆಟ್ಟಗಿದ್ದರೂ ಅದಕ್ಕೆ ಓಡಬೇಕೆಂದೇ ತೋಚಲಿಲ್ಲ! ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಜಿರಳೆ ಕೊಯ್ದರೂ ಅದರ ಮೆದುಳು ನನ್ನ ಸೂಜಿಗೆ ಒಮ್ಮೆಯೂ ಸಿಕ್ಕಿದ್ದಿಲ್ಲ, ಅಭಿನಂದನೆಗಳು. ಆಮೇಲೆ ಅದರ ಮೇಲೊಂದು ಮೊಟ್ಟೆಯಿಟ್ಟು, ಬಾಗಿಲಿಗೆ ಕಸಕಡ್ಡಿ ತುರುಕಿ, ಮರಿಯ ಊಟ ತಿಂಡಿಗೆ ಆ ಜೀವಂತ ಜಿರಳೆಯೇ ಸಾಕೆಂದು ತಾವು ಹಾರಿಯೇ ಹೋದಿರಿ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಹೊರಬರುವ ತಮ್ಮ ಸಂತಾನ ನನ್ನ ಮಗುವನ್ನು ಚುಚ್ಚೀತೆಂದು ಹೆದರಿ ತೂತಿಗೆ ಸಿಮೆಂಟ್ ಮೆತ್ತಲು ಹೋದರೆ, ನಮ್ಮತ್ತೆ ವೀರಮ್ಮನವರು, "ಮೊಟ್ಟೆ ಇಟ್ಟಿರೋ ಜಾಗ ಬಾಣಂತಿ ಕೋಣೆ ಇದ್ದಂಗೆ ಮಾರಾಯ್ತಿ, ತೊಟ್ಟಿಲಿರೋ ಮನೇಲಿ ಅದನ್ನ ಮುಟ್ತಾರಾ?" ಎಂದು ಆ ಮೂಲೆಗೆ ಪೊರಕೆಯನ್ನೂ ನಿಷೇಧಿಸಿದರು. ನನ್ನ ಬಾಣಂತನದಲ್ಲಿ ಎರಡನೇ ಲೋಟ ನೀರು ಕೇಳಿದ್ದಕ್ಕೆ ಗದರಿದವರು ಇವರೇ.

ಬರುವ ಸೋಮವಾರ ನನ್ನ ರಜೆ ಮುಗಿಯುತ್ತದೆ. ಶಿವಮೊಗ್ಗದ ಹೈಸ್ಕೂಲಿಗೆ ಅಂದು ಹಾಜರಾಗದಿದ್ದರೆ ವಿಜ್ಞಾನದ ಟೀಚರ್ ಕೆಲಸ ಬೇರೆಯವರಿಗೆಂದು ಹೆಡ್‌ಮಾಸ್ಟರು ಪತ್ರ ಹಾಕಿದ್ದಾರೆ. ಅಭ್ಯಾಸವಾಗಲೆಂದು ಮೊನ್ನೆ ಬಸ್ ಹತ್ತಿದೆ, ಮಾಚೇನಹಳ್ಳಿ ಬರುವಷ್ಟರಲ್ಲಿ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಸಂಶಯ ಹುಟ್ಟಿ, "ಅಕ್ಕಾ, ಶಿವಮೊಗ್ಗ ಇನ್ನೂ ದೂರ ಐತೆ!" ಎಂದು ಕಂಡಕ್ಟರ್ ಕೂಗುತ್ತಿದ್ದರೂ ಇಳಿದುಬಿಟ್ಟೆ. ಏದುಸಿರು ಬಿಡುತ್ತ ಮನೆ ಸೇರಿದರೆ ಮಗಳು ಅಜ್ಜಿಯ ತೊಡೆಯ ಮೇಲೆ ಕೇಕೆ ಹಾಕುತ್ತಿದ್ದಳು, ನನ್ನತ್ತ ಕಣ್ಣೂ ಹಾಯಿಸಲಿಲ್ಲ. "ಏನಮ್ಮಾ, ಇಷ್ಟು ಬೇಗ ಪಾಠ ಮುಗೀತಾ?" ಎಂದರು ಅತ್ತೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ಸೋಮವಾರ ಬೆಳಗ್ಗೆ ಏಳೂವರೆಗೆ, ಮೊಟ್ಟೆಯ ಕಾರ್ಯಕ್ರಮವೊಂದನ್ನು ಬಿಟ್ಟು, ಜಿರಳೆಗೆ ಕೊಟ್ಟ ಮದ್ದಿನ ಕಾಲುಭಾಗವನ್ನು ನನ್ನ ತಲೆಗೆ ಚುಚ್ಚಿ, ಸಂಜೆ ಐದರವರೆಗೆ ಮನೆಗೆ ಓಡಿಬರುವ ಬುದ್ಧಿಯನ್ನು ತೆಗೆದುಹಾಕಿ, ಜಡೆ ಹಿಡಿದು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಬೇಕು. ಜಡೆ ಮಾತ್ರ ಕತ್ತರಿಸಬೇಡಿ. ಹೆರಿಗೆಯಾದ ಮೇಲೆ ಅರ್ಧ ತಾನಾಗಿಯೇ ಉದುರಿದೆ.

ಬರೆಯುತ್ತ ಬರೆಯುತ್ತ ಒಂದು ಮಾತು ಹೊಳೆಯಿತು. ನನ್ನನ್ನು ಮಾಚೇನಹಳ್ಳಿಯಲ್ಲಿ ಇಳಿಸಿದ್ದು ಮಗಳಲ್ಲ, ನನ್ನದೇ ಹೆದರಿಕೆ. ಅವಳು ಹಾಯಾಗಿದ್ದಳು. ಹಾಗಾಗಿ ತಮಗೆ ಬಿಡುವಾಗದಿದ್ದರೂ ಎಂಟರ ಬಸ್ಸಿಗೆ ನಾನು ಹೋಗುತ್ತೇನೆ. ಕಿಟಕಿಯ ಪಕ್ಕ ಸೀಟು ಸಿಕ್ಕರೆ ನಲವತ್ತು ನಿಮಿಷ ನಿದ್ದೆಯಾದರೂ ಆದೀತು. ತಿರುಗಿ ನೋಡುವುದಿಲ್ಲವೆಂದು ಮಾತ್ರ ಮಾತು ಕೊಡಲಾರೆ.

ಹೊಟ್ಟೆಕಿಚ್ಚಿನೊಂದಿಗೆ,
ತಮ್ಮ ವಿಶ್ವಾಸಿ,
ಶಾಮಲಾ

ಮರೆತ ಮಾತು: ಎರಡು ಮೈಲಿಯಾಚೆಯ ಕಾರ್ಖಾನೆಯ ಸೈರನ್ನಿಗೆ ಥಟ್ಟನೆ ಏಳುವ ನಮ್ಮ ಯಜಮಾನರು ಹಾಲಸ್ವಾಮಿಯವರು, ಎರಡಡಿ ದೂರದ ಮಗಳ ಅಳುವಿಗೆ ಮಗ್ಗುಲನ್ನೂ ಬದಲಿಸುವುದಿಲ್ಲ. ಅವರನ್ನು ತಾವು ಮೊದಲೇ ಚುಚ್ಚಿದ್ದರೆ ದಯವಿಟ್ಟು ತಿಳಿಸಿ. ಇಲ್ಲವಾದರೆ, ಈ ವಾರ ಅವರಿಗೆ ಎರಡನೇ ಪಾಳಿ. ಬೆಳಗ್ಗೆಯೆಲ್ಲ ಮನೆಯಲ್ಲೇ ಸಿಗುತ್ತಾರೆ.