ರಬಕವಿಯಲ್ಲಿ ನಾಯಿ, ಜಮಖಂಡಿಯಲ್ಲಿ ಸೀರೆ

"ನಿನ್ನಿಂದ ಆಗೂದಲ್ಲ ಬಿಡವಾ" ಎಂದು ಮೊದಲು ಹೇಳಿದವರು ನಮ್ಮ ಭಾವ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ನೂಲಿನ ಗಂಟಿಗೆ ಸುತ್ತಿ ಬಂದ ಹಳೆಯ ಪೇಪರಿನಲ್ಲಿ. ರಬಕವಿಯ ನನ್ನ ಎರಡು ಮಗ್ಗದ ಸೀರೆಗಳನ್ನು ಅಲ್ಲಿಯತನಕ ಭಾವನೇ ಮಾರುತ್ತಿದ್ದರು. ಇನ್ನು ನಾನೇ ಮಾರುತ್ತೇನೆ, ಅದಕ್ಕೆ ವೆಬ್‌ಸೈಟ್ ಮಾಡುತ್ತೇನೆ ಎಂದೆ. ಪಣ ಬಿತ್ತು. ಸೀರೆ ಕೊಳ್ಳಲು ಸೋಲಾಪುರದ ವ್ಯಾಪಾರಿ ಬರುವ ಸೋಮವಾರ ಕಂಪ್ಯೂಟರಿನಲ್ಲಿ ಅವರಿಗೆ ನನ್ನ ಸೀರೆ ಕಂಡರೆ ಭಾವನ ಪೇಟೆಬದಿಯ ಅಂಗಡಿ ಖೋಲಿ ನನಗೆ. ಕಾಣದಿದ್ದರೆ ನಾನು ಬಾಯಿ ಮುಚ್ಚಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂರಬೇಕು. ಹಟಮಾರಿಗಳಿರುವ ಮನೆಯಲ್ಲಿ ನಗೆಗೇನು ಕೊರತೆ, ಅಂದಿನಿಂದ ಒಂದಾದ ಮೇಲೊಂದು ಪ್ರಸಂಗಗಳು ನಡೆದವು.

ಚಕ್ಕುಬಂದಿ

ಇಂಟರ್ನೆಟ್ ಸೆಂಟರಿನಲ್ಲಿ ಕೂತು, ಸೈಟಿಗೊಂದು ಡೊಮೇನ್ ಹೆಸರು ರಿಜಿಸ್ಟರ್ ಮಾಡಿಸಿ, ಆ ಕಾಗದ ಹಿಡಿದು ಮನೆಗೆ ಬಂದೆ. ರಿಜಿಸ್ಟರ್ ಎಂದ ಕೂಡಲೇ ಭಾವ ಹೊಲಮನೆಯ ಖರೀದಿಪತ್ರ ಬರೆಯುವ ತಮ್ಮ ಗೆಳೆಯರಾದ ಬಾಂಡ್ ರೈಟರನ್ನು ಕರೆಸಿದರು. ಅವರು ಚಸ್ಮಾ ಏರಿಸಿ ಕಾಗದವನ್ನು ಎರಡೂ ಕಡೆ ತಿರುವಿ ನೋಡಿದರು.

"ಪೂರ್ವಕ್ಕ ಯಾರ ಜಾಗಾ ಐತವಾ?"

"ಯಾರದೂ ಇಲ್ರಿ."

"ಪಶ್ಚಿಮಕ್ಕ?"

"ಅಲ್ಲೂ ಯಾರೂ ಇಲ್ರಿ. ವರ್ಷಾ ವರ್ಷಾ ಮತ್ತ ರೊಕ್ಕ ತುಂಬಿದ್ರ ಆತು."

ಅವರು ಚಸ್ಮಾ ತೆಗೆದರು. "ಹಂಗಾರ ಇದು ಖರೀದಿ ಅಲ್ಲ, ಲಾವಣಿ, ವರ್ಷದ ಗುತ್ತಿಗಿ. ಇರಲಿ, ನಾಕೂ ಕಡೆ ಯಾರೂ ಇಲ್ಲಂತಿ. ಈಗ ಒಂದೀಟು ಒತ್ತುವರಿ ಮಾಡ್ಕೊಂಡ್ಬಿಡು."

ಮುಳುಗಡೆ

ಹೆಸರೊಂದಿದ್ದರೆ ಸಾಲದು, ಸೀರೆಯ ಫೋಟೊ ಇಡಲು ಜಾಗ ಬೇಕು. ಅದಕ್ಕೇ ಹೋಸ್ಟಿಂಗ್. ಮುಧೋಳದ ಒಬ್ಬರು ಅಮೆರಿಕದಲ್ಲಿದ್ದ ಕಂಪ್ಯೂಟರನ್ನು ಬಾಡಿಗೆ ಹಿಡಿದಿದ್ದರು. ಅದರಲ್ಲಿ ಅವರಿಗಿದ್ದ ಗಿರಾಕಿಗಳು ಇಬ್ಬರೇ: ನಾನು, ಮತ್ತು ಮುಧೋಳ ತಳಿಯ ದುಬಾರಿ ನಾಯಿಮರಿ ಮಾರುವವರೊಬ್ಬರು.

ಸುದ್ದಿ ಕೇಳಿ ಬೀಳಗಿ ಕಡೆಯ ನನ್ನ ಸೋದರಮಾವ ಬಂದರು. ಅವರ ಹೊಲ, ಮನೆ ಎರಡೂ ಡ್ಯಾಮಿನ ಹಿನ್ನೀರಿಗೆ ಹೋಗಿವೆ.

"ಆ ಕಂಪ್ಯೂಟರ ಹೊಳಿ ದಂಡಿಗೆ ಐತೇನು?"

"ಅದು ಅಮೆರಿಕಾದಾಗ ಐತಿ ಮಾವಾ."

"ನಮ್ಮೂರಾಗೂ ಹಿಂಗ ಅಂತಿದ್ರು, ನೀರು ಇಲ್ಲೀತನಾ ಬರೂದಿಲ್ಲಂತ. ಎರಡು ತೆಂಗಿನ ಗಿಡ ಹಚ್ಚಿಬಿಡು. ಮುಳುಗಿದ್ರ ಗಿಡಕ್ಕ ಬ್ಯಾರೆ ಪರಿಹಾರ ಬರತೈತಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಸೈಟಿನ ಮೊದಲ ಪುಟದಲ್ಲಿ ಎರಡು ತೆಂಗಿನ ಗಿಡದ ಚಿತ್ರ ಹಾಕಿದ ಮೇಲೆಯೇ ಮಾವ ಊಟಕ್ಕೆ ಎದ್ದರು.

ಕೆಳಗಿನ ಸಾಲು

ಉಳಿದದ್ದು ಹೆಸರಿಗೂ ಜಾಗಕ್ಕೂ ಗಂಟು ಹಾಕುವುದು. ಹೆಸರಿನ ಮುಂದೆ ಜಾಗದ ನಂಬರ್ ತುಂಬಿದರೆ ಆಯಿತು. ಮುಧೋಳದವರು ಒಂದೇ ಚೀಟಿಯಲ್ಲಿ ಇಬ್ಬರ ನಂಬರನ್ನೂ ಬರೆದು, "ಮೊದಲನೇ ಸಾಲು ನಿಮ್ಮದ್ರಿ ಅಕ್ಕಾರ" ಎಂದಿದ್ದರು. ಸೀರೆಯ ಅಂಚಿನ ನಕ್ಷೆಯನ್ನು ನಾನು ಜೀವಮಾನವೆಲ್ಲ ಕೆಳಗಿನಿಂದ ಮೇಲಕ್ಕೆ ಓದಿದವಳು. ನನ್ನ ಪಾಲಿಗೆ ಮೊದಲನೇ ಸಾಲೆಂದರೆ ಕೆಳಗಿನದೇ. ಅದನ್ನೇ ತುಂಬಿದೆ.

ಸೋಮವಾರ ಭಾವ, ಬಾಂಡ್ ರೈಟರು, ವ್ಯಾಪಾರಿ ಎಲ್ಲರೂ ಇಂಟರ್ನೆಟ್ ಸೆಂಟರಿನಲ್ಲಿ ನೆರೆದರು. ನಾನು ಗತ್ತಿನಿಂದ ಹೆಸರು ಒತ್ತಿದೆ. ತೆರೆಯ ತುಂಬ ಉದ್ದ ಮೂತಿಯ, ಸಣ್ಣ ನಡುವಿನ ನಾಯಿಯೊಂದು ಬಂದು ನಿಂತಿತು.

ವ್ಯಾಪಾರಿ ನಾಯಿಯನ್ನು ಮೂತಿಯಿಂದ ಬಾಲದತನಕ ನೋಡಿದರು. "ಸೀರಿ ಎಲ್ಲೈತ್ರಿ?"

"ಇನ್ನೂ ಉಟ್ಟಿಲ್ರಿ ಅದು" ಎಂದರು ಭಾವ.

ಚೀಟಿ ನೋಡಿದಾಗ ತಪ್ಪು ತಿಳಿಯಿತು. ಅಲ್ಲೇ ಕೂತು ನಂಬರ್ ತಿದ್ದಿದೆ. ಮತ್ತೆ ತೆಗೆದರೂ ನಾಯಿಯೇ. ಮುಧೋಳಕ್ಕೆ ಫೋನ್ ಮಾಡಿದೆ.

"ರಬಕವಿ ಕಡೆ ಕಂಪ್ಯೂಟರಗಳ ನೆನಪಿನ್ಯಾಗ ಹಳೇ ನಂಬರ್ ಕುಂತೈತ್ರಿ. ಮರಿಯಾಕ ಎರಡು ದಿನ ಬೇಕು. ನಿಮ್ಮ ಹೆಸರ ಇನ್ನೂ ಯಾರೂ ಒತ್ತಿ ಕೇಳಲಾರದ ಊರಾಗ ಈಗ್ಲೇ ಸೀರಿ ಕಾಣತಾವು."

ಜಮಖಂಡಿಯ ತಂಗಿಗೆ ಫೋನ್ ಮಾಡಿ ಅಲ್ಲಿ ನೋಡಿಸಿದೆ. "ಸೀರಿ ಅದಾವ ಅಕ್ಕಾ! ತೆಂಗಿನ ಗಿಡಾನೂ ಅದಾವ!"

ವ್ಯಾಪಾರಿ ಹೇಗೂ ಜಮಖಂಡಿ ಮೇಲೆಯೇ ಊರಿಗೆ ಹೋಗುವವರು. ಟಂಟಂ ರಿಕ್ಷಾ ಒಂದನ್ನು ಬಾಡಿಗೆಗೆ ಹಿಡಿದು ಮೂವರನ್ನೂ ಹೇರಿದೆ. "ಇಲ್ಲಿ ನಾಯಿ, ಅಲ್ಲಿ ಸೀರಿ. ಇದೇನು ಕಂಪ್ಯೂಟರೋ ಗಾರುಡಿಗರ ಆಟಾನೋ?" ಎಂದು ಭಾವ ದಾರಿಯುದ್ದಕ್ಕೂ ಗೊಣಗಿದರು. ಜಮಖಂಡಿಯಲ್ಲಿ ಹೆಸರು ಒತ್ತಿದ್ದೇ ತಡ, ಸೀರೆಗಳು ಸಾಲುಗಟ್ಟಿದವು.

"ನಾ ಹೇಳಿದ್ದು ರಬಕವ್ಯಾಗ ಕಾಣಬೇಕಂತ" ಎಂದರು ಭಾವ.

"ಕಂಪ್ಯೂಟರಿನ್ಯಾಗ ಅಂದಿದ್ರಿ ಭಾವಾರ."

ಎಲ್ಲರೂ ಬಾಂಡ್ ರೈಟರ ಮುಖ ನೋಡಿದೆವು. ಅವರು ಚಸ್ಮಾ ಏರಿಸಿದರು. "ಕರಾರಿನ್ಯಾಗ ಊರಿನ ಹೆಸರಿಲ್ಲ. ಖೋಲಿ ಬಿಟ್ಟುಕೊಡ್ರಿ."

ವ್ಯಾಪಾರಿ ಗಂಟಲು ಸರಿಮಾಡಿಕೊಂಡರು. "ಬರ್ಕೊಳ್ರಿ ಬಾಯಾರ. ಸೀರಿ ಮೂವತ್ತು. ನಾಯಿಮರಿ ಒಂದು."

"ನಾಯಿ ನಂದಲ್ರಿ."

"ನಿಮ್ಮ ಹೆಸರಿನ್ಯಾಗ ನೋಡೇನ್ರಿ ನಾನು. ಸೀರಿ ಜೋಡಿ ಮರಿ ಪುಕ್ಕಟೆ ಬರಲಿಲ್ಲಂದ್ರ ಸೀರೀನೂ ಬ್ಯಾಡ."

ಈಗ ನನ್ನ ಹತ್ತಿರ ಎರಡರಿಂದ ಆರಕ್ಕೇರಿದ ಮಗ್ಗ, ಪೇಟೆಬದಿಯ ಅಂಗಡಿ ಖೋಲಿ, ವರ್ಷದ ಲಾವಣಿಯ ಒಂದು ಡೊಮೇನ್, ಯಾವ ಡ್ಯಾಮಿಗೂ ಮುಳುಗದ ಎರಡು ತೆಂಗಿನ ಗಿಡ ಇವೆ. ಇದಕ್ಕೆಲ್ಲ ಬಿದ್ದ ಖರ್ಚು: ಒಂದು ಟಂಟಂ ಬಾಡಿಗೆ, ಮತ್ತು ಮೂವತ್ತು ಸೀರೆಯ ಲಾಭವನ್ನೆಲ್ಲ ನುಂಗಿ ಸೋಲಾಪುರಕ್ಕೆ ಹೋದ ಒಂದು ನಾಯಿಮರಿ.