ಫೇಲ್ ಮಾಡಿಕೊಡಿ ಎಂದು ಬಂದವರು

ಮಾತಾಡಿಯೇ ಹೊಟ್ಟೆ ಹೊರೆಯುವವರಿಗೆ ಒಂದು ಕಾಯಿಲೆ ಇರುತ್ತದೆ. ಯಾರೂ ಕೇಳದ ಪ್ರಶ್ನೆಗೆ ಅವರ ಬಳಿ ಗಂಟೆಗಟ್ಟಲೆ ಉತ್ತರವಿರುತ್ತದೆ. ಯಾರಾದರೂ ನಿಜವಾಗಿ ಕೇಳಿದರೆ ಗಂಟಲು ಒಣಗುತ್ತದೆ. ನಾನು ಆಂಧ್ರದ ಗಡಿಯ ಆದವಾನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ಈ ಸಲದ ಕಾಲೇಜ್ ಡೇಗೆ ಉನ್ನತ ಶಿಕ್ಷಣದ ಪ್ರಯೋಜನ ಕುರಿತು ಭಾಷಣ ಮಾಡುವ ಕೆಲಸವನ್ನು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದರು. ತಲೆಗೆ ಕಟ್ಟಿದರು ಎಂದು ಮನೆಯಲ್ಲಿ ಹೇಳಿದ್ದೇನೆ. ಬೇರೆಯವರಿಗೆ ಕೊಟ್ಟುಬಿಟ್ಟಾರೆಂದು ನಾನೇ ಅವರ ಕೋಣೆಯ ಮುಂದೆ ಸುಳಿದಾಡಿದ್ದು ನಿಮ್ಮಲ್ಲಿಯೇ ಇರಲಿ.

ಭಾಷಣಕ್ಕೆ ಸ್ವಲ್ಪ ಜೀವ ಬರಲೆಂದು ಫೈನಲ್ ಇಯರ್ ಮಕ್ಕಳನ್ನೇ ಕೇಳಿದೆ: ಇಲ್ಲಿಗೆ ಬಂದು ನಿಮಗೆ ಸಿಕ್ಕಿದ್ದೇನು? ನಮ್ಮ ತರಗತಿಯಲ್ಲಿ ಪಾಠ ತೆಲುಗಿನಲ್ಲಿ, ನೋಟ್ಸು ಇಂಗ್ಲಿಷಿನಲ್ಲಿ, ಮನಸ್ಸಿನ ಮಾತು ಮಾತ್ರ ಅವರವರ ಮನೆಯ ಭಾಷೆಯಲ್ಲಿ. ಹಿಂದಿನ ಬೆಂಚಿನವನೊಬ್ಬ, "ಮನ್ಯಾಗ ಇದ್ರ ಕುರಿ ಹಿಂದ ಕಳಸ್ತಾರ ಸರ್. ಇಲ್ಲಿ ನೆಳ್ಳಾಗ ಕುಂದರ್ತೀವಿ" ಎಂದ. ಇನ್ನೊಬ್ಬನಿಗೆ ಊರಿಗೆ ಹೊರಡುವ ಸಂಜೆಯ ಬಸ್ಸು, ಅದರೊಳಗಿನ ಗೆಳೆಯರು ಸಿಕ್ಕಿದ್ದರಂತೆ. ಹಾಲಹರವಿ ಕಡೆಯಿಂದ ಬರುವ ನಾಗವೇಣಿ ಎದ್ದು, "ಕಾಲೇಜಿಗೆ ಬರ್ತಿರೋತನಕ ಮನ್ಯಾಗ ಮದುವಿ ಮಾತು ಎತ್ತಂಗಿಲ್ಲ ಸರ್" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಇದರಲ್ಲಿ ಒಂದನ್ನಾದರೂ ಮೈಕಿನ ಮುಂದೆ ಹೇಳಲು ಬರುತ್ತದೆಯೇ? ನನಗೆ ಸಿಟ್ಟು ಬಂತು. ವ್ಯಕ್ತಿತ್ವ ವಿಕಸನ ಎಂಬ ಮಾತೇ ಇವರ ಕಿವಿಗೆ ಬಿದ್ದಿಲ್ಲವಲ್ಲ ಎಂದು ಗೊಣಗಿಕೊಂಡೆ.

ಅದಾದ ವಾರದಲ್ಲೇ ಅವಳ ಅಪ್ಪ ಈರಪ್ಪ ಸ್ಟಾಫ್ ರೂಮಿಗೆ ಬಂದರು. ಮಳೆ ನಂಬಿದ ಹೊಲ, ಒಂದಿಷ್ಟು ಕುರಿ ಇರುವ ಮನುಷ್ಯ. ಕುರ್ಚಿ ತೋರಿಸಿದರೂ ಅದರ ತುದಿಯಲ್ಲೇ ಕೂತರು.

"ಸರ್, ನನ್ನ ಮಗಳನ್ನ ಒಂದು ಸಬ್ಜೆಕ್ಟಿನಾಗ ಫೇಲ್ ಮಾಡಿಕೊಡ್ರಿ."

ಪಾಸು ಮಾಡಿಸಿ ಎಂದು ಬಂದವರನ್ನು ಸಾಗಹಾಕುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಫೇಲ್ ಮಾಡಿಸಿ ಎಂದು ಬಂದವರು ಇವರೇ ಮೊದಲು. ಈರಪ್ಪನವರೇ ಬಿಡಿಸಿ ಹೇಳಿದರು. ದೇವನಕೊಂಡದಲ್ಲಿರುವ ತಂಗಿಯ ಮಗನಿಗೆ ಇವಳನ್ನು ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಹುಡುಗ ಡಿಗ್ರಿ ಅರ್ಧಕ್ಕೆ ಬಿಟ್ಟು ಗೊಬ್ಬರದಂಗಡಿ ಇಟ್ಟಿದ್ದಾನೆ. ಈಗ ಹುಡುಗಿ ತಮ್ಮ ಮಗನಿಗಿಂತ ಹೆಚ್ಚು ಓದಿದವಳಾಗುತ್ತಾಳೆಂದು ಬೀಗರು ಹಿಂದೇಟು ಹಾಕುತ್ತಿದ್ದಾರೆ.

"ಆಕಿ ಫೇಲ್ ಆದ್ರ ಇಬ್ರೂ ಸಮ ಆಗ್ತಾರ. ತಂಗಿ ಮನಿ ಸಂಬಂಧ ಉಳಿತೈತಿ ಸರ್."

ಪೇಪರು ತಿದ್ದುವವರು ಯೂನಿವರ್ಸಿಟಿಯವರು, ನನ್ನ ಕೈಯಲ್ಲಿಲ್ಲ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡುವುದು ನಮ್ಮ ಜಾತಕದಲ್ಲಿಲ್ಲ. ಭಾಷಣದ ಮೊದಲ ಭಾಗವನ್ನು ಅವರ ಮೇಲೇ ಪ್ರಯೋಗಿಸಿದೆ. ಅವರು ಕೊನೆಯವರೆಗೂ ಕೈಕಟ್ಟಿ ಕೇಳಿದರು.

"ನೀವು ಹೇಳೋದು ಚಲೋ ಐತಿ ಸರ್. ನಿಮಗ ಮಗ ಅದಾನೇನ್ರಿ? ಅವನಿಗಿಂತ ಜಾಸ್ತಿ ಓದಿದಾಕಿನ್ನ ತಂದ್ಕೊಂತೀರೇನು?"

ನನ್ನ ಮಗ ಏಳನೇ ಕ್ಲಾಸು ಎಂದೆ. ಅವನು ಇನ್ನೂ ಏಳನೇ ಕ್ಲಾಸಿನಲ್ಲಿರುವುದಕ್ಕೆ ನನಗೆ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

"ಹೋಗ್ಲಿ, ಇಷ್ಟು ಓದಿ ಆಕಿಗೆ ಏನು ಬಂತು? ಅದನ್ನಾರ ಹೇಳ್ರಿ. ಹೋಗಿ ತಂಗಿ ಮುಂದ ಹೇಳ್ತೀನಿ."

ಅವರು ವಾದಕ್ಕೆ ಕೇಳಿರಲಿಲ್ಲ. ಅವರಿಗೆ ಉತ್ತರ ಬೇಕಿತ್ತು. ವ್ಯಕ್ತಿತ್ವ ವಿಕಸನ ಎನ್ನುವುದು ನಾಲಗೆಯ ತುದಿಗೆ ಬಂದು, ನಾಚಿಕೊಂಡು ಒಳಗೆ ಹೋಯಿತು. ಅಟೆಂಡರನ್ನು ಕಳಿಸಿ ನಾಗವೇಣಿಯನ್ನೇ ಕರೆಸಿದೆ.

ಬಾಗಿಲಿಂದಲೇ ಅಪ್ಪನನ್ನು ಕಂಡ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು; ಫೇಲಾಗುವ ಮಾತು ಮನೆಯಲ್ಲೇ ಎದ್ದಿತ್ತೆಂದು ಕಾಣುತ್ತದೆ. ಇಷ್ಟು ಓದಿ ಏನು ಬಂತೆಂದು ಅಪ್ಪ ಕೇಳುತ್ತಿದ್ದಾರೆ ಎಂದೆ. ಒಳಗೆ ಬಂದು ಅಪ್ಪನ ಎದುರಿಗೇ ನಿಂತಳು.

"ಸರ್‌ನ ಯಾಕ ಕೇಳ್ತಿಯಪ್ಪ, ನನ್ನ ಕೇಳು. ಮೊದಲು ನೀನು ಏನಂದ್ರೂ ಹೂಂ ಅಂತಿದ್ದೆ. ಈಗ ನಿನ್ನ ಮುಂದ ನಿಂತು ಬ್ಯಾಡ ಅನ್ನಾಕ ಬರ್ತೈತಿ. ನಾನು ಫೇಲ್ ಆಗಂಗಿಲ್ಲ. ಎಂ.ಎ. ಓದ್ತೀನಿ."

ಈರಪ್ಪ ಮಗಳ ಕಡೆ ತಿರುಗಿದರು. ಬೈಯುತ್ತಾರೆಂದು ನಾನು ಹೆದರಿದ್ದೆ.

"ನಿಮ್ಮತ್ತಿ ಮುಂದ ನಾ ಯಾವ ಮುಖ ಇಟ್ಕೊಂಡು ಹೇಳ್ಲವ್ವಾ?" ಎಂದರು.

"ನೀ ಹೇಳಬ್ಯಾಡ. ಫೋನು ಕೊಡು."

ಕೊಟ್ಟರು. ಆ ಕಡೆ ಫೋನೆತ್ತಿದ್ದು ಸೋದರತ್ತೆಯೇ. ನಾಗವೇಣಿ ಅತ್ತೆಯೊಂದಿಗೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತಾಡಿದಳು. ಮೊದಲು ಅವರ ಮೊಣಕಾಲು ನೋವು ವಿಚಾರಿಸಿದಳು. ಆಮೇಲೆ, ತಾನು ಮುಂದಕ್ಕೆ ಓದುವುದಾಗಿಯೂ ಭಾವನಿಗೆ ಬೇರೆ ಕಡೆ ಹೆಣ್ಣು ನೋಡಬೇಕೆಂದೂ ಹೇಳಿದಳು. ಅಪ್ಪನ ತಪ್ಪೇನಿಲ್ಲ, ಅವನ ಜೊತೆ ಮಾತು ಬಿಡಬೇಡ ಅತ್ತೆ ಎನ್ನುವಾಗ ಅವಳ ಕಣ್ಣು ತುಂಬಿತು. ಅತ್ತ ಕಡೆಯಿಂದ ಜೋರು ದನಿ ಕೇಳುತ್ತಿತ್ತು. ಅದು ಮುಗಿಯುವವರೆಗೂ ಫೋನು ಇಡಲಿಲ್ಲ. ಈರಪ್ಪ ಮಗಳನ್ನೇ ನೋಡುತ್ತ ಕೂತಿದ್ದರು. ನಾನು ನನ್ನದೇ ಮೇಜಿನ ಹಿಂದೆ, ಯಾವಾಗಲೋ ಎದ್ದು ನಿಂತುಬಿಟ್ಟಿದ್ದೆ.

ಫೋನನ್ನು ಅಪ್ಪನ ಕೈಗಿಟ್ಟು, ದುಪಟ್ಟಾದಿಂದ ಮುಖ ಒರೆಸಿಕೊಂಡು ಅವಳು ನನ್ನ ಕಡೆ ತಿರುಗಿದಳು.

"ಸರ್, ನಾ ಕ್ಲಾಸಿಗೆ ಹೋಗ್ಲಾ?"

ಸುತ್ತ ನೋಡಿದೆ. ಸರ್ ಎನ್ನಿಸಿಕೊಳ್ಳುವವನು ಅಲ್ಲಿ ನಾನೊಬ್ಬನೇ ಇದ್ದೆ. ಗಂಟಲು ಸರಿಮಾಡಿಕೊಂಡು, ಬಹಳ ಯೋಚಿಸಿದವನಂತೆ, ಅಪ್ಪಣೆ ಕೊಟ್ಟೆ.